ಟ್ರ್ಯಾಕಿನ ಕಾರು, ಮನೆಯಂಗಳದ ಕಾರು: ನಾಸ್ಕಾರ್ ಮಾದರಿಗಳು ಮತ್ತು ಅಭಿಮಾನಿಗಳ ನಿಷ್ಠೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

‘ಸ್ಟಾಕ್ ಕಾರ್’ ಎಂಬ ಬಗೆಯ ಕಾರುಗಳ ಓಟ ನಡೆಸುವ ಅಮೆರಿಕದ ಸಂಸ್ಥೆ ನಾಸ್ಕಾರ್. ಅಲ್ಲಿನ ನಾರ್ತ್ ಕ್ಯಾರೊಲೈನಾ ರಾಜ್ಯದ ಷಾರ್ಲೆಟ್ ನಗರ ಮತ್ತು ಅದರ ಆಸುಪಾಸಿನ ಊರುಗಳಲ್ಲಿ ಹೆಚ್ಚಿನ ನಾಸ್ಕಾರ್ ತಂಡಗಳ ಕಾರ್ಯಾಗಾರಗಳಿವೆ. ಕೆಲಸದ ನಿಮಿತ್ತ ಅಲ್ಲಿ ನೆಲೆಸಿರುವ ಕನ್ನಡಿಗರೂ ಅವರನ್ನು ನೋಡಲು ಊರಿನಿಂದ ಹೋಗುವ ತಂದೆತಾಯಂದಿರೂ ಒಮ್ಮೆ ರೇಸ್ ನೋಡಿ ಬಂದ ಮೇಲೆ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳಿಗೆ ಇಲ್ಲಿ ಉತ್ತರಿಸಲಾಗಿದೆ.

‘ಸ್ಟಾಕ್ ಕಾರ್’ ಎಂಬ ಹೆಸರಿನಲ್ಲಿರುವ ‘ಸ್ಟಾಕ್’ ಎಂದರೆ ಏನು?

ಅಂಗಡಿಯವರು ‘ಸ್ಟಾಕ್ ಇದೆ, ಸ್ಟಾಕ್ ಇಲ್ಲ’ ಎನ್ನುತ್ತಾರಲ್ಲ, ಅದೇ ಸ್ಟಾಕ್ ಇದು. ಡೀಲರ್ ಬಳಿ ಮಾರಾಟಕ್ಕೆ ನಿಂತಿರುವ ಕಾರನ್ನು ಇದ್ದದ್ದು ಇದ್ದಂತೆಯೇ ತಂದು ಓಡಿಸಬೇಕು ಎಂಬುದು ಮೂಲ ಕಲ್ಪನೆಯಾಗಿತ್ತು. 1947ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನ ಹೋಟೆಲೊಂದರಲ್ಲಿ ಬಿಲ್ ಫ್ರಾನ್ಸ್ ಕರೆದ ಸಭೆಯಿಂದ ನಾಸ್ಕಾರ್ ಹುಟ್ಟಿತು. 1949ರ ಜೂನ್ 19ರಂದು ಷಾರ್ಲೆಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ ‘ಸ್ಟ್ರಿಕ್ಟ್ಲಿ ಸ್ಟಾಕ್’ ಎಂಬ ಹೆಸರಿನಡಿ ಮೊದಲ ಪಂದ್ಯ ನಡೆಯಿತು. ಅಂದು ಲೀ ಪೆಟ್ಟಿ ಎಂಬ ಚಾಲಕರು ಪರರಿಂದ ಎರವಲು ತಂದ ಬ್ಯೂಕ್ ಕಾರನ್ನು ಪಲ್ಟಿ ಹೊಡೆಸಿದರು ಎಂದರೆ, ಓಡಿದ ಕಾರುಗಳು ಎಷ್ಟರ ಮಟ್ಟಿಗೆ ಮನೆಬಳಕೆಯವಾಗಿದ್ದವು ಎಂಬುದನ್ನು ಊಹಿಸಬಹುದು. ಮೊದಲು ಗುರಿ ಮುಟ್ಟಿದ್ದು ಗ್ಲೆನ್ ಡನ್‌ಅವೇ ಅವರ ಫೋರ್ಡ್. ಆದರೆ ಕಳ್ಳಭಟ್ಟಿ ಸಾಗಿಸುವವರು ಪೊಲೀಸರಿಂದ ತಪ್ಪಿಸಿಕೊಳ್ಳಲು ಮಾಡಿಸುತ್ತಿದ್ದಂತೆ ಅದರ ಹಿಂದಿನ ಸ್ಪ್ರಿಂಗ್‌ಗಳನ್ನು ಮಾರ್ಪಡಿಸಿರುವುದು ತಪಾಸಣೆಯಲ್ಲಿ ಸಿಕ್ಕಿಬಿದ್ದು, ಗೆಲುವು ಲಿಂಕನ್ ಕಾರು ಓಡಿಸಿದ ಜಿಮ್ ರೋಪರ್ ಅವರ ಪಾಲಾಯಿತು. ಕಾರು ಎಷ್ಟು ‘ಸ್ಟಾಕ್’ ಎಂಬ ಜಗಳ ಮೊದಲ ದಿನದಿಂದಲೇ ಜೊತೆಗಿದೆ ಎನ್ನಬೇಕು.

ಈಗ ಅಗ್ರ ದರ್ಜೆಯ ಕಪ್ ಸರಣಿಯಲ್ಲಿ ಯಾವ ಮಾದರಿಗಳು ಓಡುತ್ತವೆ?

ಮೂರೇ: ಷೆವರ್ಲೆ ಕಮಾರೊ, ಫೋರ್ಡ್ ಮಸ್ಟ್ಯಾಂಗ್ ಮತ್ತು ಟೊಯೊಟಾ ಕ್ಯಾಮ್ರಿ.

ಟ್ರ್ಯಾಕಿನಲ್ಲಿ ಓಡುವ ಕ್ಯಾಮ್ರಿಯೂ ನಮ್ಮ ಬಿಡದಿಯ ಕ್ಯಾಮ್ರಿಯೂ ಒಂದೇ ಕಾರೇ?

ಹೆಸರೊಂದು, ಮುಖದ ಹೋಲಿಕೆಯೊಂದು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಜೋಡಣೆಯಾಗುವ ಕ್ಯಾಮ್ರಿ ನಾಲ್ಕು ಸಿಲಿಂಡರ್‌ಗಳ 2.5 ಲೀಟರ್ ಹೈಬ್ರಿಡ್ ಎಂಜಿನ್ನಿನ, ಮುಂದಿನ ಚಕ್ರಗಳಿಗೆ ಶಕ್ತಿ ನೀಡುವ, ಹಿಂದಿನ ಸೀಟಿನಲ್ಲಿ ಕುಳಿತು ಪತ್ರಿಕೆ ಓದುವವರಿಗೆ ಹೇಳಿಮಾಡಿಸಿದ ಶಾಂತ ಸ್ವಭಾವದ ಕಾರು. ಟ್ರ್ಯಾಕಿನ ಕ್ಯಾಮ್ರಿಗೆ ಹಿಂದಿನ ಸೀಟೇ ಇಲ್ಲ. ತೆರೆಯುವ ಬಾಗಿಲೂ ಇಲ್ಲ, ಚಾಲಕರು ಕಿಟಕಿಯಿಂದ ಒಳಗೆ ಇಳಿಯುತ್ತಾರೆ. ಅದರಲ್ಲಿರುವುದು 358 ಘನ ಅಂಗುಲದ, ಅಂದರೆ ಸುಮಾರು 5.9 ಲೀಟರಿನ ವಿ-8 ಎಂಜಿನ್. ಅದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ವಾಲ್ವ್‌ಗಳನ್ನು ಪುಶ್‌ರಾಡ್ ಎಂಬ ಸರಳುಗಳ ಮೂಲಕ ನಡೆಸುವ ಹಳೆಯ ಅಮೆರಿಕನ್ ವಿನ್ಯಾಸ ಆ ಎಂಜಿನ್ನಿನದು. ಟೊಯೊಟಾ ತನ್ನ ಯಾವ ಗ್ರಾಹಕನಿಗೂ ಅಂಥ ವಿ-8 ಎಂಜಿನ್ ಮಾರುವುದಿಲ್ಲ. ನಿಯಮ ಕೇಳುತ್ತದೆ ಎಂಬ ಒಂದೇ ಕಾರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿರುವ ತನ್ನ ರೇಸಿಂಗ್ ವಿಭಾಗದಲ್ಲಿ ಅದನ್ನು ತಯಾರಿಸುತ್ತದೆ.

ಷಾರ್ಲೆಟ್‌ನ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಹೋದವರು ಅಲ್ಲಿ ನಿಲ್ಲಿಸಿರುವ ಈಚಿನ ಯಾವುದಾದರೊಂದು ಕಾರಿನ ಮುಂದೆ ಬಗ್ಗಿ ಹೆಡ್‌ಲೈಟನ್ನು ಗಮನಿಸಬೇಕು. ಹತ್ತು ಅಡಿ ದೂರದಿಂದ ಗಾಜಿನ ಹೊಳಪು, ಒಳಗಿನ ಬಲ್ಬಿನ ಗುಂಡಿ, ಅಂಚಿನ ಕ್ರೋಮ್ ಪಟ್ಟಿ ಎಲ್ಲವೂ ಕಾಣುತ್ತದೆ. ಹತ್ತಿರ ಹೋದಂತೆ ಅದು ಚಪ್ಪಟೆಯಾಗುತ್ತ ಹೋಗಿ, ಕೊನೆಗೆ ಉಳಿಯುವುದು ಬಣ್ಣದ ಒಂದು ಸ್ಟಿಕ್ಕರ್ ಮಾತ್ರ. ಮೊದಲ ಸಲ ಅದನ್ನು ಕಂಡಾಗ ನನಗೆ, ನಿಜ ಹೇಳಬೇಕೆಂದರೆ, ಮೋಸಹೋದಂತೆಯೇ ಅನ್ನಿಸಿತ್ತು.

ಹಾಗಾದರೆ ಮೂರೂ ಕಂಪನಿಗಳ ಕಾರುಗಳು ಒಳಗೆ ಒಂದೇ ಎನ್ನಬಹುದೇ?

ಎಂಜಿನ್ ಮತ್ತು ಹೊರಮೈಯನ್ನು ಬಿಟ್ಟರೆ, ಹೌದು. 2022ರಲ್ಲಿ ಬಂದ ‘ನೆಕ್ಸ್ಟ್ ಜೆನ್’ ಕಾರಿನ ಉಕ್ಕಿನ ಚೌಕಟ್ಟು, ಗೇರ್‌ಬಾಕ್ಸ್, ಸಸ್ಪೆನ್ಷನ್ ಮೊದಲಾದವನ್ನು ಎಲ್ಲ ತಂಡಗಳೂ ಗೊತ್ತುಪಡಿಸಿದ ಒಬ್ಬೊಬ್ಬ ಪೂರೈಕೆದಾರರಿಂದಲೇ ಕೊಳ್ಳಬೇಕು. ತಗಡಿನ ಬದಲು ಕಾಂಪೊಸಿಟ್ ಹಲಗೆಗಳು ಬಂದಿವೆ. ಐದು ನಟ್‌ಗಳಿದ್ದ ಚಕ್ರಕ್ಕೆ ಈಗ ನಡುವೆ ಒಂದೇ ನಟ್ ಇದೆ. ಎಂಜಿನ್ ಮಾತ್ರ ಆಯಾ ಕಂಪನಿಯದು. ಬಾನೆಟ್, ಮೂತಿ, ಪಕ್ಕೆ ಮತ್ತು ಹಿಂಭಾಗದ ಆಕಾರವನ್ನು ಕಂಪನಿಗಳು ತಮ್ಮ ಶೋರೂಂ ಕಾರನ್ನು ಹೋಲುವಂತೆ ರೂಪಿಸುತ್ತವೆಯಾದರೂ, ಗಾಳಿಯ ಸೆಳೆತ ಮತ್ತು ಒತ್ತಡದಲ್ಲಿ ಯಾರಿಗೂ ಅನುಕೂಲ ಹೆಚ್ಚಾಗದಂತೆ ನಾಸ್ಕಾರ್ ಅವನ್ನು ವಿಂಡ್ ಟನೆಲ್‌ನಲ್ಲಿ ಪರೀಕ್ಷಿಸಿದ ಮೇಲೆಯೇ ಒಪ್ಪಿಗೆ ಕೊಡುತ್ತದೆ.

ಈ ಹೋಲಿಕೆಯಷ್ಟನ್ನಾದರೂ ಕಂಪನಿಗಳು ಹಟ ಹಿಡಿದು ಉಳಿಸಿಕೊಂಡದ್ದಕ್ಕೆ ಹಿಂದಿನ ಒಂದು ಕಹಿ ಅನುಭವ ಕಾರಣ. 2001ರ ಫೆಬ್ರವರಿ 18ರಂದು ಈ ಕ್ರೀಡೆಯ ಅತಿ ಪ್ರತಿಷ್ಠಿತ ಪಂದ್ಯವಾದ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಖ್ಯಾತ ಚಾಲಕ ಡೇಲ್ ಅರ್ನ್‌ಹಾರ್ಟ್ ಅಪಘಾತದಲ್ಲಿ ಮೃತಪಟ್ಟ ನಂತರ ಸುರಕ್ಷತೆಯೇ ಮೊದಲ ಕಾಳಜಿಯಾಗಿ, 2007ರಲ್ಲಿ ‘ಕಾರ್ ಆಫ್ ಟುಮಾರೊ’ ಎಂಬ ಹೊಸ ಕಾರು ಬಂತು. ಚಾಲಕರ ಜೀವ ಕಾಯುವ ವಿಷಯದಲ್ಲಿ ಅದು ಒಳ್ಳೆಯ ಕಾರೇ. ಆದರೆ ಎಲ್ಲ ಕಂಪನಿಗಳಿಗೂ ಒಂದೇ ಆಕಾರವನ್ನು ಹೇರಿದ್ದರಿಂದ, ಸ್ಟಿಕ್ಕರ್ ಕಿತ್ತರೆ ಫೋರ್ಡ್ ಯಾವುದು ಷೆವರ್ಲೆ ಯಾವುದು ಎಂದು ಅದನ್ನು ಮಾಡಿದವರಿಗೂ ಗೊತ್ತಾಗುತ್ತಿರಲಿಲ್ಲ. ಆ ಕಾರಿನ ಮೊದಲ ಪಂದ್ಯವನ್ನು ಬ್ರಿಸ್ಟಲ್‌ನಲ್ಲಿ ಗೆದ್ದ ಕೈಲ್ ಬುಶ್ ಅವರೇ ಗೆದ್ದ ಕಾರನ್ನು ಹಳಿದರು. 2013ರ ಮಾದರಿಗಳಲ್ಲಿ ಪ್ರತಿ ಕಂಪನಿಯ ಮುಖವೂ ಮರಳಿ ಬಂತು.

ನಿಜವಾಗಿ ಅಂಗಡಿಯ ಕಾರನ್ನೇ ಓಡಿಸುತ್ತಿದ್ದ ಕಾಲ ಯಾವಾಗ ಮುಗಿಯಿತು?

ಗೆರೆ ಎಳೆದು ಹೇಳುವುದು ಕಷ್ಟ. ರೋಲ್ ಕೇಜ್ (ಕಾರು ಪಲ್ಟಿಯಾದರೆ ಚಾಲಕರನ್ನು ಕಾಯುವ ಉಕ್ಕಿನ ಪಂಜರ), ಗಟ್ಟಿ ಚಕ್ರ, ಬೇರೆ ಸಸ್ಪೆನ್ಷನ್ ಎಂದು ಒಂದೊಂದಾಗಿ ಸೇರುತ್ತ, 1960ರ ದಶಕದ ಕೊನೆಯ ಹೊತ್ತಿಗೆ ಉಳಿದದ್ದು ತಗಡಿನ ಮೈ ಮತ್ತು ಕಂಪನಿಯ ಎಂಜಿನ್. ಎಲ್ಲ ನಾಟಕಕ್ಕೂ ತೆರೆ ಎಳೆದದ್ದು 1998ರ ಫೋರ್ಡ್ ಟಾರಸ್ ಎಂಬುದು ನನ್ನ ಅಭಿಪ್ರಾಯ. ಶೋರೂಂನಲ್ಲಿ ಅದು ನಾಲ್ಕು ಬಾಗಿಲುಗಳ, ಮುಂದಿನ ಚಕ್ರಗಳು ಎಳೆಯುವ, ವಿ-6 ಎಂಜಿನ್ನಿನ ಸಂಸಾರಸ್ಥರ ಕಾರು. ಟ್ರ್ಯಾಕಿನಲ್ಲಿ ಅದೇ ಹೆಸರು ಹೊತ್ತು ಓಡಿದ್ದು ಹಿಂದಿನ ಚಕ್ರಗಳು ತಳ್ಳುವ ವಿ-8. ಅಂಥ ಟಾರಸ್ ಬೇಕೆಂದು ಯಾರಾದರೂ ಡೀಲರ್ ಬಳಿ ಹೋಗಿದ್ದರೆ ಆತ ನಗುತ್ತಿದ್ದ.

ರೇಸಿಗಾಗಿಯೇ ಕಂಪನಿಗಳು ಸಾರ್ವಜನಿಕರಿಗೆ ವಿಚಿತ್ರ ಕಾರುಗಳನ್ನು ಮಾರಿದ್ದವು ಎನ್ನುತ್ತಾರೆ. ನಿಜವೇ?

ನಿಜ, ಮತ್ತು ಈ ಕ್ರೀಡೆಯ ಇತಿಹಾಸದಲ್ಲಿ ಇದರಷ್ಟು ಸೊಗಸಾದ ಅಧ್ಯಾಯ ಇನ್ನೊಂದಿಲ್ಲ. ಸಾರ್ವಜನಿಕರಿಗೆ ಮಾರದ ಮಾದರಿಯನ್ನು ಓಡಿಸುವಂತಿಲ್ಲ ಎಂಬ ನಿಯಮ ಆಗ ಬಿಗಿಯಾಗಿತ್ತು. 1969ರಲ್ಲಿ ಹೊಸ ಮಾದರಿಯೊಂದಕ್ಕೆ ಅವಕಾಶ ಸಿಗಬೇಕಾದರೆ ಕನಿಷ್ಠ 500 ಕಾರುಗಳನ್ನು ತಯಾರಿಸಬೇಕಿತ್ತು. ಉದ್ದನೆಯ ನೇರ ದಾರಿಗಳಿರುವ ಡೇಟೋನಾ ಮತ್ತು ಟಲ್ಲಾಡೇಗಾ ಟ್ರ್ಯಾಕುಗಳಲ್ಲಿ ಎಂಜಿನ್ನಿಗಿಂತ ಗಾಳಿಯೇ ದೊಡ್ಡ ಶತ್ರು ಎಂಬುದನ್ನು ಅರಿತ ಫೋರ್ಡ್, ಮೂತಿಯನ್ನು ಉದ್ದ ಮಾಡಿದ ಟೊರಿನೊ ಟಲ್ಲಾಡೇಗಾವನ್ನು ತಂದಿತು. ಕ್ರೈಸ್ಲರ್ ಕಂಪನಿ ಅದಕ್ಕೆ ಕೊಟ್ಟ ಉತ್ತರ ಡಾಡ್ಜ್ ಚಾರ್ಜರ್ ಡೇಟೋನಾ: ಮುಂದೆ ಬಾಣದ ತುದಿಯಂತಹ ಮೂತಿ, ಹಿಂದೆ ಡಿಕ್ಕಿಯ ಮೇಲೆ ಎರಡು ಕಂಬಗಳ ಆಧಾರದಲ್ಲಿ ಆಳೆತ್ತರಕ್ಕೆ ಸಮೀಪಿಸಿ ನಿಂತ ರೆಕ್ಕೆ.

ಆ ಕಾಲಕ್ಕೆ ರಿಚರ್ಡ್ ಪೆಟ್ಟಿ, ಮೊದಲ ಪಂದ್ಯದಲ್ಲಿ ಬ್ಯೂಕ್ ಮಗುಚಿದ ಲೀ ಪೆಟ್ಟಿಯವರ ಮಗ, ಕ್ರೈಸ್ಲರ್‌ನದೇ ಇನ್ನೊಂದು ಬ್ರ್ಯಾಂಡ್ ಆದ ಪ್ಲಿಮತ್ ಎಂಬ ಹೆಸರಿನ ಮತ್ತೊಂದು ರೂಪವೇ ಆಗಿದ್ದರು. 1967ರ ಒಂದೇ ಋತುವಿನಲ್ಲಿ 27 ಪಂದ್ಯಗಳನ್ನು ಪ್ಲಿಮತ್‌ನಲ್ಲಿ ಗೆದ್ದಿದ್ದ ಅವರು, ತಮಗೂ ಅಂಥ ಗಾಳಿ ಸೀಳುವ ಕಾರು ಬೇಕೆಂದು ಕೇಳಿ ಸಿಗದೆ ಹೋದಾಗ 1969ರಲ್ಲಿ ಸೀದಾ ಫೋರ್ಡ್ ಪಾಳೆಯಕ್ಕೆ ನಡೆದುಬಿಟ್ಟರು. 1970ಕ್ಕೆ ಪ್ಲಿಮತ್ ಸೂಪರ್‌ಬರ್ಡ್ ಹೊರಬಂದದ್ದರ ಹಿಂದೆ ಅವರನ್ನು ಮರಳಿ ಕರೆತರುವ ಉದ್ದೇಶವೂ ಇತ್ತು, ಅವರು ಮರಳಿದರು. ಆ ವರ್ಷದ ಡೇಟೋನಾ 500 ಪಂದ್ಯವನ್ನು ಪೀಟ್ ಹ್ಯಾಮಿಲ್ಟನ್ ಸೂಪರ್‌ಬರ್ಡ್‌ನಲ್ಲಿ ಗೆದ್ದರು. ಮಾರ್ಚ್ 24ರಂದು ಬಡ್ಡಿ ಬೇಕರ್ ಟಲ್ಲಾಡೇಗಾದಲ್ಲಿ ಚಾರ್ಜರ್ ಡೇಟೋನಾ ಓಡಿಸಿ ಗಂಟೆಗೆ 200 ಮೈಲಿಯ ಗಡಿ ದಾಟಿದರು.

ಆದರೆ ನಿಯಮಕ್ಕಾಗಿ ಮಾಡಿದ ಕಾರುಗಳನ್ನು ಕೊಳ್ಳುವವರೂ ಇರಬೇಕಲ್ಲ. 1970ಕ್ಕೆ ನಿಯಮ ಇನ್ನೂ ಬಿಗಿಯಾಗಿದ್ದುದರಿಂದ ಸುಮಾರು 1,900 ಸೂಪರ್‌ಬರ್ಡ್‌ಗಳು ತಯಾರಾದವು. ಮನೆಯ ಮುಂದೆ ನಿಲ್ಲಿಸಲು ಹೋದರೆ ಮೂತಿ ರಸ್ತೆಗೆ ಚಾಚುವ, ಅಂಗಡಿಯ ಮುಂದೆ ನಿಲ್ಲಿಸಿದರೆ ಹುಡುಗರು ಸುತ್ತುವರಿಯುವ ಕಾರು ಹಾಲು ತರಕಾರಿ ತರಲು ಯಾರಿಗೆ ಬೇಕು? ಎಷ್ಟೋ ಸೂಪರ್‌ಬರ್ಡ್‌ಗಳು ಡೀಲರ್‌ಗಳ ಅಂಗಳದಲ್ಲೇ ತಿಂಗಳುಗಟ್ಟಲೆ ಕೊಳೆತವು. ಕೆಲವು ಡೀಲರ್‌ಗಳು ಬೇಸತ್ತು ಮೂತಿ, ರೆಕ್ಕೆ ಎರಡನ್ನೂ ಕಿತ್ತು, ಸಾಧಾರಣ ರೋಡ್ ರನ್ನರ್ ಕಾರಿನಂತೆ ಮಾಡಿ ಮಾರಿದರು. ಮುಂದಿನ ವರ್ಷ ಇಂಥ ಕಾರುಗಳ ಎಂಜಿನ್ ಗಾತ್ರಕ್ಕೆ ನಾಸ್ಕಾರ್ ಕತ್ತರಿ ಹಾಕಿದ್ದರಿಂದ ರೆಕ್ಕೆಯ ಕಾರುಗಳ ಕಾಲ ಮುಗಿಯಿತು. ಅಂದು ಬೇಡವಾಗಿದ್ದ ಆ ಕಾರಿಗೆ ಇಂದಿನ ಹರಾಜುಗಳಲ್ಲಿ ಸಂಗ್ರಾಹಕರು ಮುಗಿಬೀಳುತ್ತಾರೆ.

‘ಭಾನುವಾರ ಗೆದ್ದರೆ ಸೋಮವಾರ ಮಾರಾಟ’ ಎಂಬ ಮಾತು ಎಷ್ಟು ನಿಜ?

ಅಮೆರಿಕದ ಕಾರು ಡೀಲರ್‌ಗಳ ನಡುವೆ ಇದು ಗಾದೆಯೇ ಆಗಿಹೋಗಿದೆ. ಆದರೆ ಗೆಲುವು ಮಾರಾಟದ ಕಾವನ್ನು ಹೆಚ್ಚಿಸಬಹುದೇ ಹೊರತು, ಮುಳುಗುವ ಕಂಪನಿಯನ್ನು ಅದು ಎತ್ತಲಾರದು ಎಂಬುದಕ್ಕೆ ಹಡ್ಸನ್ ಸಾಕ್ಷಿ. ನೆಲಕ್ಕೆ ತಗ್ಗಿದ ಮೈಕಟ್ಟಿನಿಂದಾಗಿ ತಿರುವಿನಲ್ಲಿ ಹಿಡಿತ ತಪ್ಪದ ಹಡ್ಸನ್ ಹಾರ್ನೆಟ್, 1952ರಲ್ಲಿ ನಡೆದ 34 ಪಂದ್ಯಗಳ ಪೈಕಿ 27 ಗೆದ್ದಿತು. ಅಷ್ಟು ಭಾನುವಾರಗಳನ್ನು ಗೆದ್ದ ಕಂಪನಿಗೆ ಎರಡೇ ವರ್ಷಗಳಲ್ಲಿ, ಅಂದರೆ 1954ರಲ್ಲಿ, ನ್ಯಾಶ್ ಕಂಪನಿಯೊಂದಿಗೆ ವಿಲೀನವಾಗದೆ ವಿಧಿಯಿರಲಿಲ್ಲ. ದೊಡ್ಡ ಕಂಪನಿಗಳಂತೆ ವರ್ಷವರ್ಷವೂ ಹೊಸ ರೂಪ ಕೊಡಲು ಅದರ ಬಳಿ ಹಣವಿರಲಿಲ್ಲ, ಮತ್ತು ಶೋರೂಂಗೆ ಬಂದವರು ಕೇಳಿದ್ದು ಹೊಸ ರೂಪವನ್ನು.

ಈಚಿನ ಉದಾಹರಣೆ ಬೇಕೆಂದರೆ, 2012ರಲ್ಲಿ ಬ್ರ್ಯಾಡ್ ಕೆಸಲೋವ್ಸ್ಕಿ ಡಾಡ್ಜ್ ಕಾರಿನಲ್ಲಿ ಚಾಂಪಿಯನ್ ಆದರು. ಅದೇ ಋತುವಿನ ಕೊನೆಗೆ ಡಾಡ್ಜ್ ಗಂಟುಮೂಟೆ ಕಟ್ಟಿ ಕಪ್ ಸರಣಿಯಿಂದ ಹೊರನಡೆಯಿತು.

ಆದರೂ ಕಂಪನಿಗಳು ಹಣ ಸುರಿಯುತ್ತಲೇ ಇರುವುದೇಕೆ ಎಂದರೆ, ಅವು ಕೊಳ್ಳುತ್ತಿರುವುದು ಸೋಮವಾರದ ಮಾರಾಟವನ್ನಲ್ಲ, ಮಕ್ಕಳ ನೆನಪನ್ನು. ಅಪ್ಪನ ಹೆಗಲ ಮೇಲೆ ಕುಳಿತು ರೇಸ್ ನೋಡಿದ ಎಂಟು ವರ್ಷದ ಮಗು ತನ್ನ ಮೊದಲ ಕಾರನ್ನು ಕೊಳ್ಳುವುದು ಹದಿನೈದು ವರ್ಷಗಳ ನಂತರ. ಆ ಲಾಭವನ್ನು ಯಾವ ಲೆಕ್ಕಪುಸ್ತಕದಲ್ಲೂ ಬರೆದಿಡಲಾಗದು.

ಅಭಿಮಾನಿಗಳ ಈ ನಿಷ್ಠೆಯನ್ನು ನಮ್ಮವರಿಗೆ ಹೇಗೆ ವಿವರಿಸುವುದು?

ಮನೆದೇವರನ್ನು ನೆನೆದರೆ ಸುಲಭ. ನಮ್ಮಲ್ಲಿ ಒಂದು ಮನೆತನ ಇಂಥ ದೇವರ ಒಕ್ಕಲು ಎಂದರೆ ಅದನ್ನು ಯಾರೂ ಪರಿಶೀಲಿಸಿ ಆರಿಸಿಕೊಂಡದ್ದಲ್ಲ. ಅಜ್ಜನಿಗೆ ಇತ್ತು, ಅಪ್ಪನಿಗೆ ಬಂತು, ನಮಗೂ ಇದೆ. ಅಮೆರಿಕದ ದಕ್ಷಿಣ ರಾಜ್ಯಗಳ ಎಷ್ಟೋ ಮನೆಗಳು ಅದೇ ರೀತಿಯಲ್ಲಿ ಫೋರ್ಡ್ ಒಕ್ಕಲು ಅಥವಾ ಷೆವರ್ಲೆ ಒಕ್ಕಲು. ಷೆವರ್ಲೆಯವರು ತಮ್ಮ ಲಾಂಛನವನ್ನು ‘ಬೋ ಟೈ’ ಎಂದೂ, ಫೋರ್ಡ್‌ನವರು ತಮ್ಮದನ್ನು ‘ಬ್ಲೂ ಓವಲ್’ ಎಂದೂ ಕರೆದುಕೊಳ್ಳುತ್ತಾರೆ. ಕ್ರೈಸ್ಲರ್ ಬಳಗದವರು ‘ಮೋಪಾರ್’ನವರು. ಎದುರಾಳಿ ಕಂಪನಿಯ ಲಾಂಛನದ ಮೇಲೆ ತುಂಟ ಹುಡುಗನೊಬ್ಬ ಉಚ್ಚೆ ಹೊಯ್ಯುವ ಸ್ಟಿಕ್ಕರ್ ಪಿಕಪ್ ಟ್ರಕ್ಕುಗಳ ಹಿಂಗಾಜಿನ ಮೇಲೆ ಅಂಟಿರುವುದನ್ನು ಅಲ್ಲಿ ವಾಹನ ಓಡಿಸಿದ ಯಾರೂ ನೋಡದೆ ಇರಲಾರರು.

ಷಾರ್ಲೆಟ್ ಪಕ್ಕದ ಕಾಂಕರ್ಡ್‌ನಲ್ಲಿರುವ ಟ್ರ್ಯಾಕಿನ ಹೊರಗೆ, ಮೇ ತಿಂಗಳ ಬಿಸಿಲಿನಲ್ಲಿ ಮಡಚುವ ಕುರ್ಚಿ ಹಾಕಿ ಕುಳಿತಿದ್ದ ಹಿರಿಯರೊಬ್ಬರನ್ನು ಒಮ್ಮೆ ಮಾತಾಡಿಸಿದ್ದೆ. ಅವರ ಬಳಿ ಇದ್ದದ್ದು ಹಳೆಯ ಫೋರ್ಡ್ ಪಿಕಪ್. ಚಕ್ರದ ಮೇಲ್ಭಾಗದ ತಗಡು ತುಕ್ಕು ಹಿಡಿದು ಬೆರಳು ತೂರುವಷ್ಟು ತೂತಾಗಿತ್ತು. ಅದು ಎಷ್ಟು ಸಲ ಕೈಕೊಟ್ಟಿದೆ, ಯಾವ ಯಾವ ಭಾಗ ಬದಲಾಯಿಸಿದ್ದಾರೆ ಎಂದು ಅವರು ಅರ್ಧ ಗಂಟೆ ಬೈಗುಳದೊಂದಿಗೆ ವಿವರಿಸಿದರು. ‘ಹಾಗಿದ್ದರೆ ಮುಂದಿನದು ಷೆವರ್ಲೆಯೇ?’ ಎಂದು ತಮಾಷೆಗೆ ಕೇಳಿದ್ದಕ್ಕೆ ಅವರು ನಗಲಿಲ್ಲ. ತಂಪು ಪೆಟ್ಟಿಗೆಯಿಂದ ನನಗೆ ಕೊಡಲು ತೆಗೆದಿದ್ದ ಡಬ್ಬಿಯನ್ನು ಒಂದು ಕ್ಷಣ ಕೈಯಲ್ಲೇ ಹಿಡಿದು ನಿಂತು, ಆಮೇಲೆ ಕೊಟ್ಟರು.

ನೆಚ್ಚಿನ ಚಾಲಕರೇ ಕಂಪನಿ ಬದಲಿಸಿದರೆ ಅಭಿಮಾನಿ ಯಾರ ಕಡೆ ನಿಲ್ಲುತ್ತಾನೆ?

ನಿಷ್ಠೆಗೆ ನಿಜವಾದ ಪರೀಕ್ಷೆ ಇದೇ, ಮತ್ತು ಎಲ್ಲರೂ ಒಂದೇ ಉತ್ತರ ಬರೆಯುವುದಿಲ್ಲ. ರಿಚರ್ಡ್ ಪೆಟ್ಟಿಯವರ ಬೆನ್ನು ಹತ್ತಿದವರು ದೊಡ್ಡ ಯಾತ್ರೆಯನ್ನೇ ಮಾಡಿದ್ದಾರೆ. ಪ್ಲಿಮತ್, ಒಂದು ವರ್ಷ ಫೋರ್ಡ್, ಮರಳಿ ಪ್ಲಿಮತ್, ಆಮೇಲೆ ಡಾಡ್ಜ್, 1978ರಲ್ಲಿ ಷೆವರ್ಲೆ. 1979ರ ಡೇಟೋನಾ 500 ಗೆಲುವು ಓಲ್ಡ್ಸ್‌ಮೊಬೀಲ್‌ನಲ್ಲಿ, 1981ರದ್ದು ಬ್ಯೂಕ್‌ನಲ್ಲಿ, 1984ರ ಜುಲೈ 4ರ 200ನೆಯ ಹಾಗೂ ಕಡೆಯ ಗೆಲುವು ಪಾಂಟಿಯಾಕ್‌ನಲ್ಲಿ. ಅವರ 43ನೇ ಸಂಖ್ಯೆ ಮತ್ತು ಆ ತಿಳಿನೀಲಿ ಬಣ್ಣ ಬದಲಾಗಲಿಲ್ಲವಾದ್ದರಿಂದ, ಅಭಿಮಾನಿಗಳಿಗೆ ಕಾರಿನ ಹೆಸರು ಎರಡನೆಯ ಮಾತಾಯಿತು.

ಬಿಲ್ ಎಲಿಯಟ್ ಅವರ ಪ್ರಸಂಗ ಬೇರೆ. ಜಾರ್ಜಿಯಾದ ಡಾಸನ್‌ವಿಲ್ ಎಂಬ ಸಣ್ಣ ಊರಿನ, ಫೋರ್ಡ್ ಡೀಲರ್ ತಂದೆಯ ಮಗನಾದ ಅವರು 1987ರಲ್ಲಿ ಫೋರ್ಡ್ ಥಂಡರ್‌ಬರ್ಡ್‌ನಲ್ಲಿ ಟಲ್ಲಾಡೇಗಾ ಟ್ರ್ಯಾಕನ್ನು ಗಂಟೆಗೆ 212.809 ಮೈಲಿ ವೇಗದಲ್ಲಿ ಸುತ್ತಿದರು. ನಂತರ ವೇಗವನ್ನು ತಡೆಯುವ ತಟ್ಟೆಗಳು ಎಂಜಿನ್ನಿಗೆ ಬಂದುದರಿಂದ ಆ ಅರ್ಹತಾ ದಾಖಲೆ ಇಂದಿಗೂ ಹಾಗೆಯೇ ಉಳಿದಿದೆ. ಫೋರ್ಡ್ ಒಕ್ಕಲಿನ ಪಾಲಿಗೆ ಅವರು ಅರ್ಚಕರಿದ್ದಂತೆ. ಅಂಥವರು 2001ರಲ್ಲಿ, ಕಪ್ ಸರಣಿಗೆ ಮರಳಿದ ಡಾಡ್ಜ್ ಕಾರಿನ ಚಕ್ರ ಹಿಡಿದಾಗ ಚಾಲಕನನ್ನು ಬಿಡುವುದೋ ಕಂಪನಿಯನ್ನು ಬಿಡುವುದೋ ಎಂಬುದು ಆ ಮನೆಗಳಲ್ಲಿ ಊಟದ ಹೊತ್ತಿನ ಚರ್ಚೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಏಳೂ ಚಾಂಪಿಯನ್ ಪಟ್ಟಗಳನ್ನು ಷೆವರ್ಲೆಯಲ್ಲೇ ಗೆದ್ದ ಜಿಮ್ಮಿ ಜಾನ್ಸನ್ ಅವರ ಸ್ವಂತ ತಂಡವೂ 2024ಕ್ಕೆ ಟೊಯೊಟಾ ಪಾಲಾಯಿತು. ಇದಕ್ಕೆ ಅಪವಾದವೆಂದರೆ ವರ್ಜೀನಿಯಾದ ವುಡ್ ಸಹೋದರರ ತಂಡ. 1950ರಿಂದ ಈವರೆಗೆ ಅದು ಫೋರ್ಡ್ ಬಳಗದ ಕಾರು ಬಿಟ್ಟು ಬೇರೆಯದನ್ನು ಮುಟ್ಟಿಲ್ಲ. 2024ರಲ್ಲಿ ಅದು ತನ್ನ 100ನೆಯ ಗೆಲುವು ಕಂಡಾಗ ಬದ್ಧ ವೈರಿಗಳೂ ಚಪ್ಪಾಳೆ ತಟ್ಟಿದ್ದು ಈ ಹಟಕ್ಕಾಗಿ ಎಂದೇ ನಾನು ಭಾವಿಸುತ್ತೇನೆ.

ಟೊಯೊಟಾ ಬಂದಾಗ ಅಷ್ಟೊಂದು ವಿರೋಧ ಏಕಿತ್ತು?

2007ರಲ್ಲಿ ಕ್ಯಾಮ್ರಿ ಕಪ್ ಸರಣಿಗೆ ಕಾಲಿಟ್ಟಾಗ, ‘ನಮ್ಮ ಆಟಕ್ಕೆ ಹೊರಗಿನವರು ಬಂದರು’ ಎಂಬ ಅಸಮಾಧಾನ ಪ್ರೇಕ್ಷಕರ ಗ್ಯಾಲರಿಗಳಲ್ಲಿ ಬಹಿರಂಗವಾಗಿಯೇ ಇತ್ತು. ಹೊರದೇಶದ ಕಾರು ಕೊನೆಯ ಸಲ ಗೆದ್ದದ್ದು 1954ರಲ್ಲಿ. ನ್ಯೂಜೆರ್ಸಿಯ ಲಿಂಡನ್ ವಿಮಾನ ನಿಲ್ದಾಣದ ಡಾಂಬರಿನ ಮೇಲೆ ಅಲ್ ಕೆಲ್ಲರ್ ಜಾಗ್ವಾರ್ ಓಡಿಸಿ ಗೆದ್ದಿದ್ದರು. ಅದಾದ ಮೇಲೆ 2008ರ ಮಾರ್ಚ್‌ನಲ್ಲಿ ಅಟ್ಲಾಂಟಾದಲ್ಲಿ ಕೈಲ್ ಬುಶ್ ಅವರ ಕ್ಯಾಮ್ರಿ ಗೆದ್ದಿತು.

ಈ ವಿರೋಧದಲ್ಲಿದ್ದ ವಿಪರ್ಯಾಸವನ್ನು ಮಾತ್ರ ಹೇಳದೆ ಇರಲಾಗದು. ಅಂದು ‘ಅಮೆರಿಕನ್’ ಎಂದು ಜೈಕಾರ ಪಡೆಯುತ್ತಿದ್ದ ಫೋರ್ಡ್ ಫ್ಯೂಷನ್ ಮೆಕ್ಸಿಕೊದ ಎರ್ಮೊಸಿಯೊದಲ್ಲಿ ತಯಾರಾಗುತ್ತಿತ್ತು. ಷೆವರ್ಲೆ ಇಂಪಾಲ ಕೆನಡಾದ ಓಷಾವದಿಂದ ಬರುತ್ತಿತ್ತು. 2013ರಿಂದ ಓಡಿದ ಷೆವರ್ಲೆ ಎಸ್‌ಎಸ್ ಅಂತೂ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬಂದದ್ದು. ಕ್ಯಾಮ್ರಿಯಾದರೋ 1988ರಿಂದ ಕೆಂಟಕಿ ರಾಜ್ಯದ ಜಾರ್ಜ್‌ಟೌನ್‌ನಲ್ಲಿ ಅಮೆರಿಕದ ಕಾರ್ಮಿಕರ ಕೈಯಿಂದಲೇ ತಯಾರಾಗುತ್ತಿದೆ. ಒಕ್ಕಲುತನಕ್ಕೆ ಕಾರ್ಖಾನೆಯ ವಿಳಾಸ ಲೆಕ್ಕಕ್ಕಿಲ್ಲ. 2015ರಲ್ಲಿ ಟೊಯೊಟಾಗೆ ಮೊದಲ ಚಾಂಪಿಯನ್ ಪಟ್ಟ, 2016ರಲ್ಲಿ ಡೆನ್ನಿ ಹ್ಯಾಮ್ಲಿನ್ ಮೂಲಕ ಮೊದಲ ಡೇಟೋನಾ 500 ದಕ್ಕಿದವು. ಕ್ಯಾಮ್ರಿಯನ್ನೇ ನೋಡುತ್ತ ಬೆಳೆದ ಹುಡುಗರಿಗೆ ಹಿರಿಯರ ಸಿಟ್ಟು ಈಗ ಅರ್ಥವಾಗುವುದಿಲ್ಲ.

ಕಂಪನಿ ಆ ಮಾದರಿಯನ್ನೇ ನಿಲ್ಲಿಸಿದರೆ ಅಭಿಮಾನಿ ಏನು ಮಾಡಬೇಕು?

ಕಮಾರೊ ಅಭಿಮಾನಿಗಳು ಸದ್ಯ ಇದೇ ಸ್ಥಿತಿಯಲ್ಲಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಕಮಾರೊ ಉತ್ಪಾದನೆ ನಿಂತಿತು. ಟ್ರ್ಯಾಕಿನಲ್ಲಿ ಮಾತ್ರ ಅದು ಓಡುತ್ತಲೇ ಇದೆ. ಅಂಗಡಿಯ ದಾಸ್ತಾನಿನಿಂದ ಹೆಸರು ಪಡೆದ ಕ್ರೀಡೆಯಲ್ಲಿ, ಅಂಗಡಿಯಲ್ಲೇ ಸಿಗದ ಕಾರು ಭಾನುವಾರ ಗೆಲ್ಲುತ್ತಿದೆ. ಪಾಂಟಿಯಾಕ್‌ನವರ ಪಾಡು ಇದಕ್ಕಿಂತ ಕಷ್ಟದ್ದು. 2003ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ರಿಕಿ ಕ್ರೇವನ್ ಅವರ ಪಾಂಟಿಯಾಕ್ ಕೇವಲ 0.002 ಸೆಕೆಂಡಿನ ಅಂತರದಲ್ಲಿ ಕರ್ಟ್ ಬುಶ್ ಅವರ ಫೋರ್ಡನ್ನು ಹಿಂದಿಕ್ಕಿದ್ದೇ ಆ ಹೆಸರಿನ ಕೊನೆಯ ಗೆಲುವು. ಆ ಋತುವಿನ ನಂತರ ಅದು ಟ್ರ್ಯಾಕಿನಿಂದ, 2010ರಲ್ಲಿ ಮಾರುಕಟ್ಟೆಯಿಂದಲೇ ಹೋಯಿತು. ಆ ಮನೆಗಳಲ್ಲಿ ಹಲವರು ಒಂದೇ ತಾಯಿ ಕಂಪನಿಯ ಷೆವರ್ಲೆಗೆ ಹೊರಳಿದರು. ಇನ್ನು ಕೆಲವರು ಪಾಂಟಿಯಾಕ್‌ನ ‘ಗ್ರ್ಯಾಂಡ್ ಪ್ರಿ’ ಎಂಬ ಮಾದರಿಯ ಹಳೆಯ ಕಾರನ್ನು ಟಾರ್ಪಾಲು ಹೊದಿಸಿ ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದಾರೆ.

ರೇಸ್ ನೋಡಲು ಬರುವವರು ತಾವು ಬೆಂಬಲಿಸುವ ಮಾದರಿಯಲ್ಲೇ ಬರುತ್ತಾರೆಯೇ?

ಕಂಪನಿ ಅದೇ ಇರಬಹುದು, ಮಾದರಿ ಅಪರೂಪ. ಪಾರ್ಕಿಂಗ್ ಮೈದಾನದಲ್ಲಿ ಮಸ್ಟ್ಯಾಂಗ್, ಕಮಾರೊ ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಉಳಿದಂತೆ ಕಣ್ಣು ಹಾಯುವಷ್ಟು ದೂರವೂ ಪಿಕಪ್ ಟ್ರಕ್ಕುಗಳೇ. ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊ ಮತ್ತು ಟೊಯೊಟಾ ಟುಂಡ್ರಾ ನಾಸ್ಕಾರ್‌ನ ಟ್ರಕ್ ಸರಣಿಯಲ್ಲಿ ಓಡುತ್ತವೆ, 2026ಕ್ಕೆ ರ‍್ಯಾಮ್ ಕೂಡ ಅಲ್ಲಿಗೆ ಮರಳುವುದಾಗಿ ಘೋಷಿಸಿತು. ಕಾಂಕರ್ಡ್‌ನ ಆ ಹಿರಿಯರನ್ನು ‘ನಿಮ್ಮಲ್ಲಿ ಮಸ್ಟ್ಯಾಂಗ್ ಇಲ್ಲವೇ?’ ಎಂದೂ ಕೇಳಿದ್ದೆ. ‘ಅದರಲ್ಲಿ ಕುರ್ಚಿ ಎಲ್ಲಿ ಇಡಲಿ?’ ಎಂದರು.